ಮೀನಿನ ಹೊಟ್ಟೆಯಲ್ಲಿ ಹನ್ನೊಂದು ದಿನ

ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಸೋರೆಕಾಯಿ ಹೆಚ್ಚುತ್ತಿದ್ದವಳು ಆ ಹಸಿ ವಾಸನೆಗೆ ಕೈ ನಿಲ್ಲಿಸಿ ಇದನ್ನು ಬರೆಯಲು ಕೂತಿದ್ದೇನೆ.

ಚಿಕ್ಕವಳಿದ್ದಾಗಿನ ಮಾತು, ನಾನಾಗ ಮೂರನೇ ಕ್ಲಾಸು. ನೀತಿಪಾಠದ ಮಿಸ್ಸು ಬೈಬಲ್ಲಿನ ಯೋನನ ಕಥೆ ಹೇಳುತ್ತಿದ್ದರು. ದೊಡ್ಡ ಮೀನು ಅವನನ್ನು ನುಂಗಿತು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನದಿಂದ ಮಿಸ್ಸು ಹೆರಿಗೆ ರಜೆಗೆ ಹೋದರು. ಯೋನ ಒಳಗೇ ಉಳಿದ. ನಾನು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದಿನಕ್ಕೊಂದು ಗೀಟು ಹಾಕತೊಡಗಿದೆ. ಅಲ್ಲಿ ಅವನಿಗೆ ಉಸಿರಾಡಲು ಗಾಳಿ ಇದೆಯೋ ಇಲ್ಲವೋ ಎಂದು ನನಗೆ ಊಟ ಸೇರದಾಯಿತು. ಅಜ್ಜಿಯನ್ನು ಕೇಳಿದರೆ, "ನಮ್ ಪುರಾಣ ಆಗಿದ್ರೆ ಹೇಳ್ತಿದ್ದೆ ಕಣೆ" ಅಂದರು.

ಹನ್ನೊಂದನೇ ಗೀಟಿನ ಮಧ್ಯಾಹ್ನ ಚಾಮರಾಜಪೇಟೆಯಲ್ಲಿದ್ದ ಗೆಳತಿ ಆಯೇಷಾಳ ಮನೆಗೆ ಹೋಗಿದ್ದೆ. ಅವಳ ನಾನಿ, ಅಂದರೆ ಅಮ್ಮನ ಅಮ್ಮ, ನೆಲದ ಮೇಲೆ ಕೂತು ಸೋರೆಕಾಯಿಯ ಸಿಪ್ಪೆ ತೆಗೆಯುತ್ತಿದ್ದರು. ನನ್ನ ಗೀಟುಗಳ ಕಥೆ ಕೇಳಿ ಚಾಕು ಕೆಳಗಿಟ್ಟರು.

"ಅರೆ ಬೇಟಿ, ಅವ್ರು ನಮ್ ಪ್ರವಾದಿ, ಯೂನುಸ್ ನಬಿ ಅಲ್ವಾ. ಮೀನು ಅವ್ರನ್ನ ದಡಕ್ಕೆ ತಂದು ಬಿಡ್ತು."

"ಬದುಕಿದ್ರಾ?"

"ಹೂಂ. ಮೈಯೆಲ್ಲಾ ಸುಸ್ತು, ಮೇಲೆ ಬಿಸಿಲು. ನೆರಳಿಗೆ ಅಂತ ಅಲ್ಲಾಹ್ ಸೋರೆ ಬಳ್ಳಿ ಬೆಳೆಸ್ದ. ಇದೇ ಸೋರೆ, ಮುಟ್ಟಿ ನೋಡು."

ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ಅಂಟಿತು.

ಆಯೇಷಾ ನಕ್ಕಳು. "ಅವ್ರು ಯಾವಾಗ್ಲೋ ಆಚೆ ಬಂದಾಗಿತ್ತು. ಹನ್ನೊಂದು ದಿನ ಒಳಗಿಟ್ಕೊಂಡಿದ್ದು ನೀನೇ ಕಣೆ."

ಅಂದು ಅವರ ಮನೆಯಲ್ಲೇ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಯೆಹೂದಿಯರ ಗ್ರಂಥದಲ್ಲೂ ಈ ಯೋನ ಇದ್ದಾರಂತೆ. ಆ ಮನೆಗಳ ಅಜ್ಜಿಯಂದಿರು ಮಕ್ಕಳಿಗೆ ಈ ಕಥೆಯನ್ನು ಎಲ್ಲಿಯವರೆಗೆ ಹೇಳುತ್ತಾರೆ ಎಂದು ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.