ತಮ್ಮನ ಪಾಲಿನ ವಾಂತಿ

ಕ್ಯಾನ್ಸರ್ ಔಷಧಿ ತರುವ ವಾಂತಿಯನ್ನು ಒಡಹುಟ್ಟಿದವರು ತಮ್ಮ ಮೈಮೇಲೆ ತೆಗೆದುಕೊಳ್ಳಬಹುದಾಗಿದ್ದ ಕಾಲ ಅದು. ಮೇದೋಜೀರಕದ ಗಡ್ಡೆ ತಮ್ಮ ಮಡಿವಾಳಪ್ಪನ ಪಿತ್ತಜನಕಾಂಗಕ್ಕೂ ಹಬ್ಬಿದೆಯೆಂದಾಗ ನೀಲವ್ವ ಹಣೆಗೆ ವಿಭೂತಿ ಧರಿಸಿ ಬಂದು, ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದ್ದಳು. ಅಂದಿನಿಂದ ಔಷಧಿ ಇಳಿಯುವುದು ಅವನ ನರಕ್ಕೆ, ಹೊಟ್ಟೆ ತೊಳಸುವುದು ಇವಳಿಗೆ.

ಇವತ್ತು ಎಂಟನೆಯ ಸಲ. ಬಾಟಲಿ ಅರ್ಧ ಇಳಿದರೂ ಅವಳ ಮಡಿಲಿನ ಬೋಗುಣಿ ಒಣಗಿಯೇ ಇತ್ತು. ನರ್ಸ್ ಹೊರಗೆ ಕರೆದು ಮೆಲ್ಲಗೆ ಹೇಳಿದಳು: "ಅವ್ವಾರ, ಔಷಧಿ ನಾಟವಲ್ದು. ಡಾಕ್ಟರು ನಿಲ್ಲಿಸ್ಯಾರ. ಅದು ಬರೇ ಗ್ಲೂಕೋಸ್. ನಾಳೆ ನಿಮ್ಮ ತಮ್ಮಗ ಡಾಕ್ಟರ ತಾವ ಹೇಳತಾರಂತ."

ಒಳಗೆ ಬಂದರೆ ಮಡಿವಾಳಪ್ಪ ನಗುತ್ತಿದ್ದ.

"ಸಣ್ಣಾವಿದ್ದಾಗ ಮಾವಿನಕಾಯಿ ಕದ್ದಾಂವ ನಾ, ಹೊಡತ ತಿಂದಾಕಿ ನೀ. ಈಗೂ ಹಂಗ ಆತಲ್ಲ ಅಕ್ಕಾ!" ಬೋಗುಣಿ ನೋಡಿ ಅವನ ನಗು ಮಾಸಿತು. "ಯಾಕ, ಇನ್ನಾ ಬಂದಿಲ್ಲೇನು? ಔಷಧಿ ಹತ್ತವಲ್ದೇನ?"

"ಬರತೈತಿ ತಡಿಯೋ. ಅದಕ್ಕೂ ನಿನ್ನಂಗ ಅವಸರೇನು?"

ಬಚ್ಚಲಿಗೆ ಹೋದ ನೀಲವ್ವ ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು, "ತಪ್ಪಾತು ಶಿವನ" ಎನ್ನುತ್ತ ಬಲಗೈಯ ಎರಡು ಬೆರಳನ್ನು ಗಂಟಲಿಗೆ ತೂರಿಸಿದಳು.

ಗೋಡೆಯಾಚೆ ತಮ್ಮ ಹಗುರಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಬಂತು... ಬಂತು ಬಿಡು ಅಕ್ಕಾ."