ಅಲ್ಮಾರಿಯ ಮುಂದೆ ಮೂರು ನಿಮಿಷ

ಮುಂದಿನ ಸಾಲಿನ ಬೋಳುತಲೆಯವರು ಇನ್ನೂ ಒಮ್ಮೆಯೂ ಬೆಚ್ಚಿರಲಿಲ್ಲ. ಕೊನೆಯ ಸಾಲಿನಿಂದ ಅವರ ಹೆಗಲನ್ನೇ ನೋಡುತ್ತ ಸದ್ದಕ್ಕ ಚಡಪಡಿಸುತ್ತಿದ್ದಳು. ಪರದೆಯ ಮೇಲೆ ದೆವ್ವ ಆಗಲೇ ಎರಡು ಸಲ ಬಂದುಹೋಗಿತ್ತು. ಬೋಳುತಲೆಯವರು ಈ ಸಿನಿಮಾದ ನಿರ್ಮಾಪಕರು. ಪರೀಕ್ಷೆಗೆಂದು ಕರೆಸಿದ ಅರವತ್ತು ಜನ ಇವತ್ತು ಹೆದರದಿದ್ದರೆ ಸದ್ದಿನ ಕೆಲಸ ಬೇರೆಯವರಿಗೆ ಎಂದು ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಸದ್ದಕ್ಕ ಎಂಬುದು ಸ್ಟುಡಿಯೊದವರು ಇಟ್ಟ ಹೆಸರು. ಇಪ್ಪತ್ತಾರು ವರ್ಷಗಳಿಂದ ಹೆದರಿಸುವ ಸಿನಿಮಾಗಳಿಗೆ ಸದ್ದು ಕೂಡಿಸುತ್ತ ಬಂದವಳು. ಕೋಸಿನ ದಂಟು ಮುರಿದು ಎಷ್ಟೋ ಜನರ ಮೂಳೆ ಮುರಿಸಿದ್ದಳು, ಒದ್ದೆ ಟವೆಲ್ ಹಿಂಡಿ ಕತ್ತು ಹಿಸುಕಿಸಿದ್ದಳು. ಇತ್ತೀಚೆಗೆ ಕಂಪ್ಯೂಟರಿನಲ್ಲಿ ಸದ್ದಿನ ಅಲೆಗಳ ಏರಿಳಿತ ನೋಡಿಯೇ ಕೆಲಸ ಮುಗಿಸುತ್ತಿದ್ದಳು. ಅನುಭವ ಎಂದರೆ ಹಾಗಿರಬೇಕು ಎಂದು ಕಿರಿಯರು ಬಾಯಿ ಬಿಟ್ಟು ನೋಡುತ್ತಿದ್ದರು.

ಸದ್ದು ಕೂಡಿಸುವ ಕೋಣೆಯೊಳಗೆ ಜೊತೆಗೆ ಕೂರಲು ಗಂಡನಿಗೆ ಮಾತ್ರ ಅಪ್ಪಣೆ. ಅವನೋ ಜಿರಲೆ ಕಂಡರೆ ಕುರ್ಚಿ ಹತ್ತುವ ಪುಕ್ಕಲ. ಅವನಿಗೆ ದೃಶ್ಯ ತೋರಿಸಿ, ತಾನು ಪರದೆಗೆ ಬೆನ್ನು ಹಾಕಿ ಅವನ ಮುಖವನ್ನೇ ನೋಡುತ್ತಿದ್ದಳು. "ನೀವೇ ನನ್ನ ಮೀಟರು" ಎನ್ನುತ್ತಿದ್ದಳು.

ಈ ಸಿನಿಮಾ ನಿಂತಿದ್ದು ಅಲ್ಮಾರಿಯ ದೃಶ್ಯದ ಮೇಲೆ. ಒಂಟಿ ಹೆಂಗಸು ಅಲ್ಮಾರಿಯತ್ತ ಮೂರು ನಿಮಿಷ ನಡೆಯುತ್ತಾಳೆ, ಬಾಗಿಲು ತೆರೆಯುತ್ತಾಳೆ, ಅಷ್ಟೆ. ಮಗನ ವಯಸ್ಸಿನ ನಿರ್ದೇಶಕ ಅಲ್ಲಿ ಮೌನವಿರಲಿ ಎಂದು ಕೈಮುಗಿದು ಕೇಳಿದ್ದ.

"ಅಕ್ಕ, ಸದ್ದು ನಿಂತ್ರೇನೇ ಜನಕ್ಕೆ ಭಯ."

"ಮೌನದ ಭಯಾನ ನೀನು ನನಗೆ ಹೇಳ್ಕೊಡ್ತೀಯಾ? ಅದೊಂದು ಬೇಡಪ್ಪ" ಎಂದು ಅವಳು ಸಿಡುಕಿದ್ದಳು.

ಹಟಕ್ಕೆ ಬಿದ್ದು ಆ ಮೂರು ನಿಮಿಷಕ್ಕೆ ನಲವತ್ತೆರಡು ಸದ್ದು ತುಂಬಿದ್ದಳು. ಎದೆಬಡಿತದಂಥ ನಗಾರಿ, ಪಿಟೀಲಿನ ಕೀರಲು, ನಲ್ಲಿಯ ಹನಿ, ಇವೆಲ್ಲದರ ಅಡಿಯಲ್ಲಿ ನೆಲವನ್ನೇ ನಡುಗಿಸುವ ಒಂದು ಗುಂಯ್‌ಕಾರ.

ದೃಶ್ಯ ಶುರುವಾಯಿತು. ಎಂದಿನಂತೆ ಅವಳು ಚಪ್ಪಲಿ ಬಿಟ್ಟು ಪಾದಗಳನ್ನು ನೆಲಕ್ಕೆ ಒತ್ತಿದಳು. ಹಾಳಾದ್ದು, ಇದು ಹೊಸ ಚಿತ್ರಮಂದಿರ. ನೆಲದ ತುಂಬ ದಪ್ಪನೆಯ ಹಾಸು. ಪಕ್ಕದಲ್ಲಿ ಗಂಡ ಅವಳ ಮಣಿಕಟ್ಟು ಹಿಡಿದಿದ್ದ. ಸಣ್ಣ ಭಯಕ್ಕೆ ಮೆಲ್ಲಗೆ ಒತ್ತುವುದು, ದೊಡ್ಡದಕ್ಕೆ ಗಟ್ಟಿಯಾಗಿ. ಅದು ಅವರಿಬ್ಬರ ಒಪ್ಪಂದ.

ಒಮ್ಮೆಲೇ ಅವನು ಗಟ್ಟಿಯಾಗಿ ಒತ್ತಿದ. ಬಿಡಲೇ ಇಲ್ಲ. ಕೈ ಹಿಡಿದು ಜಗ್ಗಿದ. ಕತ್ತಲಲ್ಲಿ ಅವಳತ್ತ ಬಾಗಿ ಏನೋ ಹೇಳತೊಡಗಿದ. ಅವಳಿಗೆ ಖುಷಿಯೋ ಖುಷಿ. ಪುಕ್ಕಲ ಇಷ್ಟು ಹೆದರಿದ್ದೇ ಇಲ್ಲ! ಸುಮ್ಮನಿರಿ ಎಂದು ಅವನ ತೊಡೆ ಚಿವುಟಿ, ನಗುತ್ತ ಮುಂದೆ ನೋಡಿದಳು.

ಬೋಳುತಲೆಯವರ ಹೆಗಲು ಕಿವಿಯವರೆಗೆ ಏರಿತ್ತು. ಯಾರೂ ಮಿಸುಕಾಡುತ್ತಿರಲಿಲ್ಲ. ನಡುವಿನ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಲ್ಮಾರಿಯ ಬಾಗಿಲು ತೆರೆಯಿತು. ಅರವತ್ತು ಜನ ಕುರ್ಚಿಯಿಂದ ಚಿಮ್ಮಿದರು. ನಿರ್ಮಾಪಕರ ಕನ್ನಡಕ ಹಾರಿಬಿತ್ತು. ಸದ್ದಕ್ಕನ ಕಣ್ಣು ತುಂಬಿ ಬಂತು. ಇನ್ನು ಅವಳ ಕುರ್ಚಿಯನ್ನು ಯಾರೂ ಕಸಿಯುವಂತಿರಲಿಲ್ಲ.

ದೀಪ ಹತ್ತಿದ ಮೇಲೆ ನಿರ್ದೇಶಕ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಕೊನೆಗೂ ನನ್ನ ಮಾತು ನಡೆಸಿಕೊಟ್ರಲ್ಲ ಅಕ್ಕ!"

ಯಾವ ಮಾತು ಎಂದು ಅವಳಿಗೆ ಹೊಳೆಯಲಿಲ್ಲ. ಸುಮ್ಮನೆ ತಲೆಯಾಡಿಸಿದಳು. ನಿರ್ಮಾಪಕರು ಕನ್ನಡಕ ಒರೆಸಿಕೊಳ್ಳುತ್ತ, "ಮುಂದಿನ ಸಿನಿಮಾನೂ ನಿಮ್ಮದೇ" ಎಂದು ಹೊರಟರು. ಗಂಡ ಮಾತ್ರ ಬಿಳಿಚಿಕೊಂಡೇ ನಿಂತಿದ್ದ.

ಗಂಡ ಹೆಗಲು ಮುಟ್ಟಿ ಸನ್ನೆ ಮಾಡಿದಾಗ ಅವಳು ಹಿಂದೆ ತಿರುಗಿದಳು. ಯಂತ್ರದ ಕೋಣೆಯ ಆಪರೇಟರ್ ಬೆವರು ಸುರಿಸುತ್ತ ನಿಂತಿದ್ದ. ಆಗಲೇ ಎರಡು ಸಲ ಕರೆದಿರಬೇಕು.

"ತಪ್ಪಾಯ್ತು ಅಕ್ಕ, ನನ್ನ ಕಾಲು ತಾಗಿ ಸ್ಪೀಕರ್ ವೈರು ಕಿತ್ತುಹೋಗಿತ್ತು. ಅಲ್ಮಾರಿ ಸೀನು ಶುರುವಾದಾಗಿಂದ ನಿಮ್ಮ ಒಂದೇ ಒಂದು ಸದ್ದೂ ಬಂದಿಲ್ಲ. ಬಾಗಿಲು ತೆಗೆಯೋ ಹೊತ್ತಿಗೆ ವೈರು ಸಿಕ್ಕಿಸಿದೆ, ಧಡಾರ್ ಅಂತು. ನೀವು ಓಡಿಬಂದು ಉಗೀತೀರಾ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಕಿಂಡೀಲಿ ನೋಡಿದ್ರೆ ನೀವು ಆರಾಮಾಗಿ ಕೂತಿದ್ರಿ! ನಿಮಗೆ ಗಾಬರಿ ಆಗ್ಲಿಲ್ವಾ?"

ಅವಳು ಅವನ ತುಟಿಗಳಿಂದ ಕಣ್ಣು ಕೀಳಲಿಲ್ಲ.

"ಗಾಬರಿ ಯಾಕೆ? ಮೌನ ನನಗೆ ಅಭ್ಯಾಸ ಆಗಿದೆ" ಎಂದಳು.

ಎಂಟು ತಿಂಗಳ ಹಿಂದೆಯೇ ಎರಡೂ ಕಿವಿ ಪೂರ್ತಿ ಹೋಗಿದ್ದ ಸದ್ದಕ್ಕನಿಗೆ, ಗಂಡ ಕತ್ತಲಲ್ಲಿ ಕೈ ಜಗ್ಗಿ ಜಗ್ಗಿ ಏನು ಹೇಳುತ್ತಿದ್ದನೆಂದು ಈಗ ತಿಳಿಯಿತು.