ಮೊದಲ ತುತ್ತು

ಮುಲ್ಬಾ ಅಜ್ಜ ಬಟ್ಟಲಿನಿಂದ ಒಂದು ತುತ್ತು ಅನ್ನ ತೆಗೆದು ಎಲ್ಲರಿಗೂ ಕಾಣುವಂತೆ ಬಾಯಿಗಿಟ್ಟುಕೊಂಡ. ಬಡಿಸಿದವನು ತಾನೇ ಮೊದಲು ಉಂಡು, ವಿಷವಿಲ್ಲವೆಂದು ತೋರಿಸಬೇಕು. ಲೈಬೀರಿಯಾದಲ್ಲಿ ಮದುವೆಮನೆಯಲ್ಲೂ ಇದೇ ಕ್ರಮ. ಆದರೆ ಮೇಜಿನ ಸುತ್ತ ಕೂತಿದ್ದ ನಾಲ್ವರು ಮದುವೆಗೆ ಬಂದವರಲ್ಲ. ಒಬ್ಬೊಬ್ಬರದೂ ಒಂದೊಂದು ಸೈನ್ಯ. ಹೊರಗೆ ಒಬ್ಬರ ಜನರನ್ನೊಬ್ಬರು ಕೊಲ್ಲಿಸುತ್ತ, ಒಳಗೆ ಒಟ್ಟಿಗೆ ಕೂತು ದೇಶ ಆಳುವ ಮಹಾನುಭಾವರು! ಐವರ ಆಡಳಿತ ಮಂಡಳಿಯಲ್ಲಿ ಸೈನ್ಯವಿಲ್ಲದವನು ಅಜ್ಜನೊಬ್ಬನೇ.

"ಉಣ್ರಪ್ಪಾ. ಮರಗೆಣಸಿನ ಸೊಪ್ಪಿನ ಸಾರು, ನಾನೇ ಮಾಡಿದ್ದು. ಒಂದೇ ಬಟ್ಟಲಲ್ಲಿ ಉಂಡೋರು ಅವತ್ತು ಜಗಳ ಆಡೋ ಹಾಗಿಲ್ಲ ತಾನೆ? ಉಂಡು, ಲೋಫಾ ದಾರಿ ತೆರೆಯೋ ಮಾತಾಡೋಣ."

ಉತ್ತರದ ಲೋಫಾ ಸೀಮೆಯಲ್ಲಿ ಅವನ ಹೆಂಡತಿ ಕೆಬ್ಬೆ ಸಿಕ್ಕಿಬಿದ್ದಿದ್ದಳು. ಬದುಕಿದ್ದಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಆ ದಾರಿಗೆ ಅಡ್ಡ ಕೂತವನು ಎದುರಿಗಿದ್ದ ಕಮಾಂಡರ್ ಫಾಯಾ.

"ಇನ್ನೊಂದು ತುತ್ತು ತಗೊಳ್ಳಿ ಅಜ್ಜಾ," ಎಂದ ಫಾಯಾ. ಅಜ್ಜ ತಗೊಂಡ.

"ಈ ಕಡೆಯದು."

ಅದನ್ನೂ ತಿಂದ. "ಮೀನು?" ಎಂದ ಇನ್ನೊಬ್ಬ. ಮೀನನ್ನೂ ತಿಂದ. ನಾಲ್ವರೂ ಅವನ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಅವರವರ ಊಟ ಅವರವರ ಕಾರಿನಲ್ಲಿ ಕಾಯುತ್ತಿತ್ತು. ದಾರಿಯ ಮಾತು ನಾಳೆಗೆ ಹೋಯಿತು.

ಐವರ ಅನ್ನದ ಮುಂದೆ ಅಜ್ಜ ಒಬ್ಬನೇ ಉಳಿದ. "ನಿಮ್ಮ ಮಂಡಳಿಗಿಷ್ಟು ಬೆಂಕಿ ಹಾಕ" ಎಂದು ಗೊಣಗಿದ. ಬೈಸಿಕೊಳ್ಳುವುದಕ್ಕೂ ಅಲ್ಲಿ ಯಾರೂ ಇರಲಿಲ್ಲ. ಇಷ್ಟು ದೊಡ್ಡ ಕೋಣೆ, ಸಾಲಾಗಿ ಖಾಲಿ ಕುರ್ಚಿಗಳು. ಅವನಿಗೆ ಅಳು ಬಂತು.

ಅಷ್ಟರಲ್ಲಿ ಫಾಯಾ ಮರಳಿ ಬಂದ. ಜೊತೆಗೆ ಕಾವಲಿನವರು ಇರಲಿಲ್ಲ. ಜೇಬಿನಿಂದ ಒಂದು ಬಟ್ಟೆಗಂಟು ತೆಗೆದು ಮೇಜಿನ ಮೇಲಿಟ್ಟ.

"ಲೋಫಾದಿಂದ ನಿಮ್ಮ ಮನೆಯೋರು ಕಳಿಸಿದ್ದು. ಚೆನ್ನಾಗಿದ್ದಾರಂತೆ. ಅವರೆಲ್ಲರ ಎದುರಿಗೆ ಕೊಡೋಕಾಗ್ಲಿಲ್ಲ."

ಅಜ್ಜ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ. ಗಂಟು ಬಿಚ್ಚಿದರೆ ಹುರಿದ ಅಕ್ಕಿ, ಶೇಂಗಾ, ಸಕ್ಕರೆ ಸೇರಿಸಿ ಕುಟ್ಟಿದ ಪುಡಿ. ಬದುಕಿದ್ದಾಳೆ! ಮುದುಕಿ ಒನಕೆ ಹಿಡಿಯುವಷ್ಟು ಗಟ್ಟಿಯಾಗಿದ್ದಾಳೆ! ಒಂದು ಚಿಟಿಕೆ ತೆಗೆದು ಬಾಯಿಯ ತನಕ ಒಯ್ದ. ಕೈ ಅಲ್ಲೇ ನಿಂತಿತು. ಪುಡಿಯನ್ನು ನೋಡಿದ, ಫಾಯಾನನ್ನು ನೋಡಿದ.

"ಮೊದಲು ನೀನು ತಿನ್ನಪ್ಪಾ."

ಫಾಯಾ ನಗಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿ, ಅಗಿದು, ನುಂಗಿ, ಕೈ ಒರೆಸಿಕೊಂಡ.

"ನಾಳೆ ದಾರಿ ಬಿಡ್ತೀನಿ ಅಂತ ಹೇಳೋಕೇ ಬಂದಿದ್ದೆ ಅಜ್ಜಾ. ಕೈಯಲ್ಲಿ ಬಂದೂಕಿಲ್ಲದ ನೀವೇ ನನ್ನ ನಂಬಲ್ಲ. ಇನ್ನು ಆ ಮೂವರನ್ನ ನಂಬ್ಕೊಂಡು ನಾನು ಹೇಗೆ ದಾರಿ ಬಿಡ್ಲಿ?"

ಬಾಗಿಲು ಮುಚ್ಚಿತು. ಕಾರು ಹೊರಟ ಸದ್ದು ಕೇಳಿಸಿತು. ತುಂಬ ಹೊತ್ತಾದ ಮೇಲೆ ಅಜ್ಜ ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡ. ಕೆಬ್ಬೆ ಯಾವಾಗಲೂ ಹಾಕುವಷ್ಟೇ ಸಕ್ಕರೆ ಹಾಕಿದ್ದಳು.